ಅಪ್ಪನ ಹೊಟ್ಟೆನೋವು

ಎರಡು ವರ್ಷದಿಂದ ನನ್ನ ಕರುಳು ಸುಮ್ಮನಿದೆ. ವಾಸಿಯಾಗಿದೆ ಎಂದು ಡಾಕ್ಟರು ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ದಿನಾ ಮಾತ್ರೆ ಇದೆ, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಇದೆ, ಬೀಡಿ ಬಿಟ್ಟಿದ್ದೇನೆ. ಉಳಿದಂತೆ ಎಲ್ಲರ ಹಾಗೆ ಇದ್ದೇನೆ. ಇದರ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅನ್ನಿಸುತ್ತಿತ್ತು, ಆದರೆ ನಾಚಿಕೆ. ಎದೆನೋವು ಬಂದವನು ಊರಿಗೆಲ್ಲ ಹೇಳಿಕೊಳ್ಳಬಹುದು. ದಿನಕ್ಕೆ ಹತ್ತು ಸಲ ಕಕ್ಕಸಿಗೆ ಓಡುವವನು ಯಾರಿಗೆ ಹೇಳಿಕೊಳ್ಳುತ್ತಾನೆ? ನಮ್ಮ ಮನೆಯಲ್ಲಿ ನನಗಿಂತ ಮುಂಚೆಯೂ ಹೀಗೆ ಹೇಳಿಕೊಳ್ಳಲಾಗದೆ ಹೋದವರಿದ್ದರು. ಅದು ತಿಳಿಯುವ ಹೊತ್ತಿಗೆ ನನಗೆ ನಲವತ್ತೊಂದು ವರ್ಷವಾಗಿತ್ತು.

ನನ್ನ ಹೆಸರು ರಮೇಶ, ಬಸ್ ಡ್ರೈವರ್. ನರಸಿಂಹರಾಜಪುರದಿಂದ ಹೊರಟು ಕೊಪ್ಪ, ಹರಿಹರಪುರ ದಾಟಿ ಶೃಂಗೇರಿಗೆ ಹೋಗುವ ಖಾಸಗಿ ಬಸ್ಸನ್ನು ಹದಿನೇಳು ವರ್ಷದಿಂದ ಓಡಿಸುತ್ತಿದ್ದೇನೆ. ಯಾವ ತಿರುವಿನಲ್ಲಿ ಹಾರನ್ ಹೊಡೆಯಬೇಕು, ಯಾವ ಸ್ಟಾಪಿನಲ್ಲಿ ಯಾವ ಟೀಚರ್ ಓಡಿ ಬಂದು ಹತ್ತುತ್ತಾರೆ, ಎಲ್ಲ ಗೊತ್ತು. ಕಾಯಿಲೆ ಶುರುವಾದ ಮೇಲೆ ಅದೇ ರಸ್ತೆಯಲ್ಲಿ ಬೇರೆ ಸಂಗತಿಗಳು ಗೊತ್ತಾದವು. ಎಲ್ಲಿ ಶೌಚಾಲಯವಿದೆ, ಯಾವುದಕ್ಕೆ ಸದಾ ಬೀಗ, ಯಾವುದರಲ್ಲಿ ನೀರಿಲ್ಲ, ಎಲ್ಲಿ ರಸ್ತೆಯ ಪಕ್ಕ ಮನುಷ್ಯ ಮರೆಯಾಗುವಷ್ಟು ಪೊದೆಯಿದೆ.

ಮೊದಮೊದಲು ಬಲಗಡೆ ಕೆಳಹೊಟ್ಟೆಯಲ್ಲಿ ಹಿಂಡಿದ ಹಾಗೆ ನೋವು. ಊಟವಾದ ಅರ್ಧ ಗಂಟೆಗೆ ಓಡಬೇಕು. ಒಂದು ದಿನ ಹರಿಹರಪುರ ದಾಟಿ ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ತಡೆಯಲಾಗಲಿಲ್ಲ. ಬಸ್ಸು ತುಂಬ ಜನ, ಕಾಲೇಜಿನ ಹುಡುಗಿಯರು, ಶೃಂಗೇರಿಗೆ ಹೊರಟ ಯಾತ್ರಿಕರು. ಎಡಕ್ಕೆ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಒಂದು ಮಾತೂ ಆಡದೆ ಇಳಿದು ಪೊದೆಯ ಕಡೆ ಓಡಿದೆ. ವಾಪಸು ಬಂದಾಗ ಕಿಟಕಿಗಳ ತುಂಬ ಮುಖಗಳು. ಹೇಗೆ ಮೆಟ್ಟಿಲು ಹತ್ತಬೇಕೋ ತಿಳಿಯದೆ ನಿಂತಿದ್ದೆ. ಕಂಡಕ್ಟರ್ ಉಮೇಶ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ, "ಹಿಂದಿನ ಟೈರು ಸರಿ ಉಂಟನಾ ರಮೇಶಣ್ಣ? ನಾ ಆಗ್ಲೇ ಹೇಳಿದ್ದೆ ಅಲ್ವಾ, ಒಂಚೂರು ನೋಡ್ಕಂಡು ಹೋಗನ ಅಂತ" ಎಂದ. "ಸರಿ ಉಂಟು" ಎಂದು ಸೀಟಿನಲ್ಲಿ ಕೂತೆ. ಆಮೇಲೆ ಆರು ತಿಂಗಳು ನಮ್ಮ ಬಸ್ಸಿನ ಟೈರನ್ನು ದಿನಕ್ಕೆ ಮೂರು ಸಲ ನೋಡಬೇಕಾಯಿತು. ಉಮೇಶ ನನ್ನನ್ನು ಒಂದು ದಿನವೂ ಏನೆಂದು ಕೇಳಲಿಲ್ಲ. ಕೇಳದೇ ಇದ್ದದ್ದು ಅವನು ಮಾಡಿದ ದೊಡ್ಡ ಉಪಕಾರ.

ಓಡಬೇಕಾಗುತ್ತದೆಂದು ಡ್ಯೂಟಿಯ ದಿನ ತಿನ್ನುವುದನ್ನೇ ಬಿಟ್ಟೆ. ಬೆಳಿಗ್ಗೆ ಒಂದು ಕಪ್ಪು ಚಹಾ, ಸಂಜೆ ಬಸ್ಸು ಬಿಟ್ಟ ಮೇಲೆ ಅನ್ನ. ನನ್ನ ಹೆಂಡತಿ ಸವಿತಾ ಖಾಕಿ ಪ್ಯಾಂಟಿನ ಸೊಂಟವನ್ನು ಎರಡು ಸಲ ಒಳಗೆ ಹಿಡಿದು ಹೊಲಿದಳು. ಮೂರನೆಯ ಸಲ ಸೂಜಿ ಕೈಯಲ್ಲಿ ಹಿಡಿದುಕೊಂಡೇ ಅತ್ತಳು. ಜಂತುಹುಳಕ್ಕೆ ಮಾತ್ರೆಯಾಯಿತು, ಆಮಶಂಕೆಗೆ ಔಷಧಿಯಾಯಿತು, ಮೂಲವ್ಯಾಧಿಯೆಂದು ಒಬ್ಬರು ಕೊಟ್ಟ ಪುಡಿಯೂ ಆಯಿತು. ಕೊನೆಗೆ ಕೊಪ್ಪದ ಒಬ್ಬ ಡಾಕ್ಟರು ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿ, "ಇಲ್ಲೊಂದು ಗಟ್ಟಿ ಸಿಗ್ತಿದೆ. ಇಲ್ಲಿ ಕಾಲ ಕಳೀಬೇಡಿ, ಘಟ್ಟ ಇಳೀರಿ" ಎಂದು ಚೀಟಿ ಬರೆದುಕೊಟ್ಟರು.

ಘಟ್ಟದ ಕೆಳಗಿನ ಆ ದೊಡ್ಡ ಆಸ್ಪತ್ರೆಗೆ ಸವಿತಾ, ನಾನು, ಅವ್ವ ಮೂವರೂ ಹೋದೆವು. ಅವ್ವನಿಗೆ ಅರವತ್ತೆಂಟು. ಬೇಡ ಎಂದರೂ ಚೀಲ ಹಿಡಿದು ಹೊರಟಿದ್ದಳು. ಕರುಳಿನೊಳಗೆ ನೋಡುವ ದುರ್ಬೀನು ಪರೀಕ್ಷೆಗೆ ಮುಂಚೆ ಕರುಳು ಖಾಲಿ ಮಾಡಲು ಉಪ್ಪುಪ್ಪು ನೀರನ್ನು ಬಾಟಲಿಗಟ್ಟಲೆ ಕುಡಿಸುತ್ತಾರೆ. ನನ್ನ ಹಾಗೆಯೇ ಕುಡಿಯುತ್ತಾ ಕೂತಿದ್ದ ಏಳೆಂಟು ಜನ ಆ ಹಜಾರದಲ್ಲಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಒಬ್ಬೊಬ್ಬರೇ ಎದ್ದು ಹೋಗುವುದು, ಬಂದು ಕೂರುವುದು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ತಮ್ಮ ಬಾಟಲಿಯನ್ನು ನನ್ನ ಬಾಟಲಿಯ ಪಕ್ಕದಲ್ಲಿ ಹಿಡಿದು, "ನೀವು ನನಗಿಂತ ಮುಂದಿದ್ದೀರಿ ಮಾರಾಯ್ರೇ" ಎಂದರು. ಅಷ್ಟು ದಿನದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಕರುಳಿನ ಡಾಕ್ಟರು ನಡುವಯಸ್ಸಿನ ಹೆಂಗಸು. ಬರೆದುಕೊಳ್ಳುತ್ತಾ ಕೇಳಿದರು, "ಮನೆಯಲ್ಲಿ ಇನ್ಯಾರಿಗಾದ್ರೂ ಇಂಥಾ ತೊಂದ್ರೆ ಇತ್ತಾ? ತಂದೆ, ತಾಯಿ, ಅವರ ಕಡೆಯವ್ರು?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು, "ಯಾರಿಗೂ ಇಲ್ಲ. ಇವ್ನಪ್ಪ ಕುಡಿದು ಹೋದ್ರು."

ಅದು ನನಗೆ ಹೊಸ ಮಾತಾಗಿರಲಿಲ್ಲ. ಕೊಪ್ಪದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಅಪ್ಪ ಆಳು. ಕೂಲಿಯವರಿಗೆಂದು ಕಟ್ಟಿದ್ದ ಸಾಲುಮನೆಗಳಲ್ಲಿ ಕೊನೆಯದು ನಮ್ಮದು. ಅಪ್ಪ ಸತ್ತಾಗ ನನಗೆ ಒಂಬತ್ತು, ಅಕ್ಕನಿಗೆ ಹದಿಮೂರು. ನೆನಪಿರುವುದು ಸ್ವಲ್ಪವೇ. ಸೊಂಟ ಬಗ್ಗಿಸಿ ನಡೆಯುತ್ತಿದ್ದ, ಕೆಲಸದ ನಡುವೆ ಎಲ್ಲಿಗೋ ಹೋಗಿಬಿಡುತ್ತಿದ್ದ. ಎಸ್ಟೇಟಿನ ಲೆಕ್ಕ ಬರೆಯುವ ರೈಟ್ರು ಹಾಜರಿ ಹಿಡಿಯುವಾಗ ಎಲ್ಲರೆದುರು, "ಎಲ್ಲಿ ಹೋದ ಆ ಕುಡುಕ?" ಎಂದು ಕೂಗುತ್ತಿದ್ದರು. ಬಾಯಿಂದ ಸಾರಾಯಿ ವಾಸನೆ ಬರುತ್ತಿದ್ದದ್ದೂ ನೆನಪಿದೆ. ಶಾಲೆಯಲ್ಲಿ ಯಾರೋ ನನ್ನನ್ನು ಕುಡುಕನ ಮಗ ಎಂದಾಗ ಮೊದಲ ಸಲ ಹೊಡೆದಾಡಿದೆ. ಎರಡನೆಯ ಸಲ ಸುಮ್ಮನಿದ್ದೆ. ಅವರು ಹೇಳಿದ್ದು ನಿಜವೇ ಎಂದು ಅಷ್ಟರಲ್ಲಿ ಒಪ್ಪಿಕೊಂಡಿದ್ದೆ. ದೊಡ್ಡವನಾದ ಮೇಲೆ ಒಂದು ತೊಟ್ಟು ಮುಟ್ಟಲಿಲ್ಲ. ವರ್ಷಕ್ಕೊಮ್ಮೆ ಹಿರಿಯರಿಗೆ ಎಡೆಯಿಡುವ ಅಮಾವಾಸ್ಯೆಯ ದಿನ ಬೇಕೆಂದೇ ಡ್ಯೂಟಿ ಹಾಕಿಸಿಕೊಂಡು ಹೋಗಿಬಿಡುತ್ತಿದ್ದೆ. ಎರಡು ಮಕ್ಕಳನ್ನು ಬಿಟ್ಟು ಕುಡಿದು ಸತ್ತವನಿಗೆ ನಾನು ಯಾಕೆ ಕೈಮುಗಿಯಬೇಕು?

ಪರೀಕ್ಷೆಯಲ್ಲಿ ಕರುಳಿನಲ್ಲಿ ಹುಣ್ಣು ಕಂಡಿತು. ಎರಡು ಕಾಯಿಲೆಗಳಲ್ಲಿ ಒಂದಿರಬೇಕು, ಕರುಳಿನ ಕ್ಷಯ ಅಥವಾ ಇನ್ನೊಂದು, ಎರಡೂ ನೋಡಲು ಒಂದೇ ತರ, ನಮ್ಮ ಕಡೆ ಕ್ಷಯವೇ ಹೆಚ್ಚು, ಮೊದಲು ಅದಕ್ಕೆ ಔಷಧಿ ಕೊಟ್ಟು ನೋಡೋಣ ಎಂದರು. ಮನೆಗೆ ಬಂದು ಮಾತ್ರೆ ಶುರುಮಾಡಿದೆ. ಆ ಮಾತ್ರೆಗೆ ಮೂತ್ರ ಕೆಂಪಗೆ ಹೋಗುತ್ತಿತ್ತು. ಕರುಳಿನದು ಹರಡುವ ಕ್ಷಯವಲ್ಲ ಎಂದು ಡಾಕ್ಟರು ಹೇಳಿದ್ದರೂ ನಾನೇ ನನ್ನ ತಟ್ಟೆ ಲೋಟ ಬೇರೆ ಇಟ್ಟುಕೊಂಡೆ. ಮಗಳು ಚೈತ್ರಳಿಗೆ ಆಗ ಹದಿಮೂರು. ಅವಳು ಶಾಲೆಯಿಂದ ಬಂದು ಮೈಮೇಲೆ ಬೀಳುವ ಹಾಗೆ ಪಕ್ಕ ಕೂರುವುದು ಅಭ್ಯಾಸ. ನಾನು ಸರಿದು ಕೂರುತ್ತಿದ್ದೆ. ಒಂದು ವಾರದಲ್ಲಿ ಅವಳು ಬರುವುದನ್ನು ನಿಲ್ಲಿಸಿದಳು. ಕಾಯಿಲೆ ನನ್ನಿಂದ ಕಿತ್ತುಕೊಂಡದ್ದರಲ್ಲಿ ಹೆಚ್ಚು ನೋವು ಕೊಟ್ಟದ್ದು ಅದು. ಕಿತ್ತುಕೊಂಡವನು ನಾನೇ ಎಂಬುದು ಆಮೇಲೆ ತಿಳಿಯಿತು.

ಮೊದಲು ಒಂದು ತಿಂಗಳು ಸುಧಾರಿಸಿದ ಹಾಗೆ ಕಂಡಿತು. ಆಮೇಲೆ ಇನ್ನೂ ಇಳಿದೆ. ನಾಲ್ಕನೆಯ ತಿಂಗಳು ಮಧ್ಯಾಹ್ನ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲಿಸಿದವನಿಗೆ ಇಳಿಯಲಾಗಲಿಲ್ಲ. ಹೊಟ್ಟೆ ಉಬ್ಬಿ ಗಟ್ಟಿಯಾಗಿತ್ತು, ಹಸಿರು ವಾಂತಿ. ಉಮೇಶ ನನ್ನನ್ನು ಹೊತ್ತುಕೊಂಡೇ ಇಳಿಸಿದ. ಆಂಬುಲೆನ್ಸಿನಲ್ಲಿ ಘಟ್ಟ ಇಳಿಯುವಾಗ ಪ್ರತಿ ತಿರುವಿನಲ್ಲೂ, ಡ್ರೈವರ್ ಬ್ರೇಕ್ ಹಾಕುವ ಮೊದಲೇ, ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಸಾಯುತ್ತೇನೆ ಎಂದುಕೊಂಡೆ. ಅಪ್ಪ ಸತ್ತ ಹಾಗೆ ಮಗಳನ್ನು ಬಿಟ್ಟು ಸಾಯುತ್ತಿದ್ದೇನೆ, ಅದೂ ಕುಡಿಯದೆ, ಎಂದೂ ಅನ್ನಿಸಿತು.

ಕರುಳು ಒಂದು ಕಡೆ ಊದಿ ದಾರಿ ಕಟ್ಟಿಹೋಗಿತ್ತು. ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿದರು, ಬಾಯಿಗೆ ನೀರೂ ಇಲ್ಲ. ಎರಡು ದಿನ ನೋಡಿ ಇಳಿಯದಿದ್ದರೆ ಆಪರೇಷನ್ ಎಂದರು. ಎರಡನೆಯ ದಿನ ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ಹಾಸಿಗೆಯ ಕಾಲಬುಡದಲ್ಲಿ ನಿಂತು ಚಾರ್ಟ್ ನೋಡುತ್ತಿದ್ದರು. ಮೂಲೆಯ ಸ್ಟೂಲಿನಿಂದ ಅವ್ವ ಎದ್ದು ಬಂದಳು. ಸೆರಗನ್ನು ಎರಡೂ ಕೈಯಲ್ಲಿ ಮುದುರಿ ಹಿಡಿದಿದ್ದಳು.

"ಡಾಕ್ಟ್ರಮ್ಮ, ನಾ ಅವತ್ತು ಸುಳ್ಳು ಹೇಳಿದೆ."

"ಯಾವುದು ಅಮ್ಮ?"

"ಇವ್ನಪ್ಪಂದೂ ಇದೇ. ಹಿಂಗೇ ಹೊಟ್ಟೆ ಕಟ್ಟಿ, ಹಿಂಗೇ ಹಸ್ರು ಕಾರಿ ಹೋದ್ರು. ಅವ್ರಪ್ಪಂದೂ ಇದೇ ಅಂತಿದ್ರು. ಅವ್ರ ತಂಗಿನೂ ಹಂಗೇ ನರಳ್ತಾ ಇನ್ನೂ ಬದುಕಿದಾಳೆ. ಹೇಳಿದ್ರೆ ನನ್ ಮಗ ಬದುಕ್ತಾನೆ ಅಂದ್ರೆ ಹೇಳ್ತೀನಿ. ಎಲ್ಲಾ ಹೇಳ್ತೀನಿ."

ಡಾಕ್ಟರು ಚಾರ್ಟನ್ನು ಕೆಳಗಿಟ್ಟರು. ಅಪ್ಪನಿಗೆ ಎಷ್ಟು ವಯಸ್ಸಿನಲ್ಲಿ ಶುರುವಾಯಿತು, ಜ್ವರ ಬರುತ್ತಿತ್ತಾ, ಕೀಲುನೋವಿತ್ತಾ, ಬಾಯಲ್ಲಿ ಹುಣ್ಣಾಗುತ್ತಿತ್ತಾ, ಒಂದೊಂದನ್ನೇ ಕೇಳಿದರು. ಅವ್ವ ಎಲ್ಲದಕ್ಕೂ ಉತ್ತರ ಕೊಟ್ಟಳು. ಮೂವತ್ತು ವರ್ಷದಿಂದ ಯಾರಾದರೂ ಕೇಳಲಿ ಎಂದು ಕಾದಿದ್ದವಳ ಹಾಗೆ ಸರಸರ ಹೇಳಿದಳು. ನಾನು ಮೂಗಿನಲ್ಲಿ ನಳಿಕೆಯಿಟ್ಟುಕೊಂಡು ಮಲಗಿ, ನನಗೆ ಗೊತ್ತಿಲ್ಲದ ನನ್ನ ಅಪ್ಪನ ಬಗ್ಗೆ ಕೇಳಿಸಿಕೊಂಡೆ.

ಆ ದಿನ ಸಂಜೆ ಹೊಟ್ಟೆ ಇಳಿಯಿತು. ಆಪರೇಷನ್ ಬೇಕಾಗಲಿಲ್ಲ. ಮತ್ತೆ ದುರ್ಬೀನು ಹಾಕಿ, ತುಣುಕು ತೆಗೆದು ಕಳಿಸಿ, ಹತ್ತು ದಿನಕ್ಕೆ ಹೆಸರು ಹೇಳಿದರು. ಕ್ರೋನ್ಸ್ ಕಾಯಿಲೆ. ದೇಹವನ್ನು ಕಾಯಬೇಕಾದ ಶಕ್ತಿಯೇ ಕರುಳಿನ ಮೇಲೆ ತಿರುಗಿಬೀಳುವ ಕಾಯಿಲೆಯಂತೆ.

"ಅವ್ವ ಮೊದ್ಲೇ ಹೇಳಿದ್ರೆ ಬೇಗ ಗೊತ್ತಾಗ್ತಿತ್ತಾ?" ಎಂದು ನಾನು ಕೇಳಿದೆ. ಅವ್ವ ಅಲ್ಲೇ ಇದ್ದಳು. ಅವಳಿಗೆ ಕೇಳಲಿ ಎಂದೇ ಕೇಳಿದೆ.

ಡಾಕ್ಟರು ಅವ್ವನನ್ನು ನೋಡಿ ಹೇಳಿದರು, "ಅದೊಂದರಿಂದಲೇ ಖಚಿತ ಮಾಡ್ಲಿಕ್ಕೆ ಆಗ್ತಿರಲಿಲ್ಲ. ಈ ಕಡೆ ಯೋಚನೆ ಸ್ವಲ್ಪ ಬೇಗ ಹೋಗ್ತಿತ್ತು, ಅಷ್ಟೇ. ಹೇಳಿದ್ರಲ್ಲ, ಅದು ದೊಡ್ಡದು."

"ವಂಶದಿಂದ ಬಂದದ್ದಾ ಹಾಗಾದ್ರೆ?"

"ವಂಶದಿಂದ ಬರೋದು ಕಾಯಿಲೆಯಲ್ಲ ರಮೇಶ, ಬರುವ ಸಾಧ್ಯತೆ. ಅದರ ಜೊತೆಗೆ ಬೇರೆ ಏನೇನೋ ಕೂಡಬೇಕು. ಕೆಲವು ನಮಗೂ ಗೊತ್ತಿಲ್ಲ. ನಿಮ್ಮ ಅಕ್ಕನಿಗೂ ಅದೇ ಅಪ್ಪ, ಅವರು ಆರಾಮಾಗಿದ್ದಾರಲ್ಲ. ರಕ್ತ ಬದಲಾಯಿಸಲಿಕ್ಕೆ ನಮ್ಮ ಕೈಲಾಗಲ್ಲ. ಜೇಬಿನಲ್ಲಿರೋ ಆ ಬೀಡಿ ಕಟ್ಟು ಬಿಡಲಿಕ್ಕೆ ನಿಮ್ಮ ಕೈಲಾಗ್ತದೆ."

ಮನೆಗೆ ಬಂದು ಎಂಟು ದಿನ ನಾನು ಅವ್ವನ ಜೊತೆ ಮಾತಾಡಲಿಲ್ಲ. ಸ್ಟೀರಾಯ್ಡ್ ಮಾತ್ರೆಯಿಂದ ಮುಖ ಗುಂಡಗೆ ಊದಿತ್ತು, ಕೈ ನಡುಗುತ್ತಿತ್ತು, ಎಷ್ಟು ತಿಂದರೂ ಹಸಿವು, ಸಣ್ಣಪುಟ್ಟದಕ್ಕೂ ಸಿಟ್ಟು. ಒಂಬತ್ತನೆಯ ದಿನ ಅವ್ವ ಗಂಜಿ ತಂದಿಟ್ಟು ಹೋಗದೆ ಅಲ್ಲೇ ಕೂತಳು.

"ಕೇಳು, ಕೇಳ್ಬಿಡು" ಎಂದಳು.

"ಎಂತಕ್ಕೆ ಹಂಗೆ ಹೇಳಿದೆ? ಎಲ್ರೂ ಅವನನ್ನ ಕುಡುಕ ಅಂದ್ರು, ನೀನೂ ಹೌದು ಅಂದೆ. ನಾನು ಅವನನ್ನ..."

"ಹೊಟ್ಟೆ ಜಾಡ್ಯ ಅಂತ ನಿಮ್ಮತ್ತೇನ ಗಂಡನ ಮನೆಯವ್ರು ಎರಡೇ ವರ್ಷಕ್ಕೆ ತಂದು ಬಿಟ್ಟು ಹೋದ್ರು. ಆ ಮನೆ ರಕ್ತದಾಗೇ ಜಾಡ್ಯ ಉಂಟು, ದೈವ ಮುನಿದದೆ ಅಂತ ಊರೆಲ್ಲ ಮಾತಾಯ್ತು. ಆಮೇಲೆ ಇವ್ರಿಗೆ ಶುರುವಾಯ್ತು. ನೋವು ತಡೀಲಾರ್ದೆ ಕೊನೇ ವರ್ಷ ಸಾರಾಯಿ ಕುಡಿದ್ರು, ಸುಳ್ಳಲ್ಲ. ಜನ ಕುಡುಕ ಅಂದ್ರು. ನಾ ಜಗಳಕ್ಕೆ ಹೊರಟೆ. ಅವ್ರೇ ತಡೆದ್ರು."

"ಅಪ್ಪನಾ?"

"ಹೂಂ. ಅನ್ಲಿ ಬಿಡು ಅಂದ್ರು. ಕುಡುಕ ಅಂದ್ರೆ ನಂಗೊಬ್ಬಂಗೆ ಹೆಸರು, ಜಾಡ್ಯ ಅಂದ್ರೆ ಮಕ್ಳಿಗೂ ಹೆಸರು. ಮಗಳಿಗೆ ಗಂಡು ಸಿಗಲ್ಲ ಅಂದ್ರು. ನಾ ಹೋದ್ಮೇಲೂ ಹಂಗೇ ಹೇಳು ಅಂದ್ರು. ಹಂಗೇ ಹೇಳಿದೆ. ನಿಮ್ಮಕ್ಕನ ಮದುವೆ ಆಯ್ತು, ನಿಂದೂ ಆಯ್ತು. ಆಮೇಲೆ ಹೇಳಾಣ ಅಂದ್ರೆ, ಇಷ್ಟು ವರ್ಷ ಹೇಳಿದ್ದ ಸುಳ್ಳನ್ನ ಹೆಂಗೆ ತಿರುಗಿಸಿ ಹೇಳೋದು ಅಂತ ಗೊತ್ತಾಗ್ಲಿಲ್ಲ."

ಗಂಜಿ ಆರಿ ಕೆನೆಗಟ್ಟಿತು. ನನಗೆ ಅವಳ ಮೇಲೆ ಇನ್ನೂ ಸಿಟ್ಟಿತ್ತು. ಅದು ಒಂದೇ ದಿನದಲ್ಲಿ ಹೋಗಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಅಪ್ಪ ಎದ್ದು ಹೋದ, ಕೆಲಸ ಕದ್ದ, ನಮ್ಮನ್ನು ಮರೆತ ಎಂದು ನಾನು ಕೂಡಿಟ್ಟಿದ್ದ ಒಂದೊಂದು ನೆನಪೂ ಆ ದಿನ ತಿರುಗಿ ಬೇರೆಯಾಗಿ ಕಂಡಿತು. ಅವನು ಹಾಜರಿಯ ಹೊತ್ತಿನಲ್ಲಿ ಎಲ್ಲಿಗೆ ಹೋಗುತ್ತಿದ್ದ ಎಂದು ನನಗಿಂತ ಚೆನ್ನಾಗಿ ಬೇರೆ ಯಾರಿಗೆ ಗೊತ್ತಿರಲು ಸಾಧ್ಯ? ಎಸ್ಟೇಟಿನಲ್ಲಿ ಅವನಿಗಾಗಿ ಟೈರಿನ ನೆಪ ಹೇಳಲು ಯಾರೂ ಇರಲಿಲ್ಲ.

ಎರಡು ತಿಂಗಳ ಮೇಲೆ, ಸ್ವಲ್ಪ ಚೇತರಿಸಿಕೊಂಡು, ಕಮಲತ್ತೆಯನ್ನು ನೋಡಲು ಹೋದೆ. ಅಪ್ಪನ ತಂಗಿ, ಅರವತ್ತಮೂರು ವರ್ಷ. ಕಿಗ್ಗದಿಂದ ಮುಂದೆ ಸಿರಿಮನೆಯಲ್ಲಿ ಒಬ್ಬಳೇ ಇದ್ದಾಳೆ. ಗದ್ದೆ ಕೆಲಸಕ್ಕೆ ಹೋಗುತ್ತಿದ್ದವಳು ಈಗ ಕೋಳಿ ಸಾಕಿಕೊಂಡಿದ್ದಾಳೆ. ನಮ್ಮ ಯಾವ ಮದುವೆಗೂ ಅವಳು ಬಂದವಳಲ್ಲ. ಸೊಕ್ಕು ಎಂದು ನಾವು ಅಂದುಕೊಂಡಿದ್ದೆವು. ಜಗಲಿಯಲ್ಲಿ ಕೂತು ನನ್ನ ಕಾಯಿಲೆಯ ಕಥೆ ಹೇಳಿದೆ. ಮುಗಿದ ಮೇಲೆ ಅವಳು ಕೇಳಿದಳು, "ಕೆಲಸದ ದಿನ ಎಂತ ತಿಂತಿದ್ದೆ?"

"ಎಂತ ಇಲ್ಲ. ಕಪ್ಪು ಚಹಾ."

"ಅಣ್ಣನೂ ಅಷ್ಟೇ ಮಾರಾಯ. ಬೆಳಿಗ್ಗೆ ಒಂದು ಲೋಟ ಕಪ್ಪು ಚಾ. ತಿಂದ್ರೆ ಓಡ್ಬೇಕಲ್ಲ! ಬುತ್ತಿ ಕಟ್ಟಿಸ್ಕಂಡು ಹೋಗಿ ಪಕ್ಕದವ್ರಿಗೆ ಕೊಡ್ತಿದ್ದ. ಅತ್ತಿಗೆಗೆ ಬೇಜಾರಾಗ್ತದೆ ಅಂತ ಖಾಲಿ ಡಬ್ಬಿ ತರ್ತಿದ್ದ."

ನಾನು ಅಂಗಳದ ಕೋಳಿಗಳನ್ನು ನೋಡುತ್ತಾ ಕೂತೆ. ಅಳು ಬಂದದ್ದು ತಡೆಯಲಾಗಲಿಲ್ಲ. ಅತ್ತೆ ಎದ್ದು ಬಂದು ನನ್ನ ಬೆನ್ನ ಮೇಲೆ ಕೈಯಿಟ್ಟಳು. ನನಗೆ ಒಂಬತ್ತು ವರ್ಷವಾಗಿದ್ದಾಗ ಅಳಬೇಕಾಗಿದ್ದ ಅಳು ಅದು.

"ನೀನೂ ಬಾ ಅತ್ತೆ, ಡಾಕ್ಟ್ರಿಗೆ ತೋರಿಸುವಾ" ಎಂದೆ.

"ಈಗ ಎಂತಕ್ಕೆ? ಗಂಜಿ ಮಜ್ಜಿಗೆಯಲ್ಲಿ ನಲವತ್ತು ವರ್ಷ ತಳ್ಳಿ ಆಯ್ತು."

"ನಿಂಗೆ ಬೇಡ ಅಂದ್ರೆ ಚೈತ್ರಗೋಸ್ಕರ ಬಾ. ಅವಳ ಕಾಲಕ್ಕೆ ಇದು ಎಂತದ್ದು ಅಂತ ಸರಿಯಾಗಿ ಗೊತ್ತಿರ್ಲಿ."

ಬಂದಳು. ಅದೇ ಹಜಾರ, ಅದೇ ಉಪ್ಪುನೀರು. ಅವಳು ಒಂದು ಗುಟುಕು ಕುಡಿದು ಮುಖ ಕಿವುಚಿ, "ಇದಕ್ಕಿಂತ ಕಾಯಿಲೆಯೇ ವಾಸಿ" ಎಂದಳು. ಪರೀಕ್ಷೆಯಲ್ಲಿ ಹಳೆಯ ಗಾಯಗಳ ಗುರುತು ಸಿಕ್ಕಿತು, ಒಂದು ಕಡೆ ಹೊಸ ಹುಣ್ಣೂ ಇತ್ತು. ತುಣುಕಿನ ವರದಿ ಬಂದ ದಿನ ಡಾಕ್ಟರು ನನಗಿರುವುದೇ ಅವಳಿಗೂ ಎಂದರು. ಅಪ್ಪನದೂ ಇದೇ ಇರಬಹುದು, ಆದರೆ ನೋಡದೆ ಹೇಳುವಂತಿಲ್ಲ ಎಂದರು.

"ಇದಕ್ಕೆ ಹೆಸರುಂಟಾ ಡಾಕ್ಟ್ರಮ್ಮ?" ಅತ್ತೆ ಕೇಳಿದಳು.

"ಉಂಟು. ಕ್ರೋನ್ಸ್ ಅಂತ."

"ಬೇರೆಯವ್ರಿಗೂ ಬರ್ತದಾ?"

"ಲೋಕದಲ್ಲಿ ಎಲ್ಲ ಕಡೆ ಇದ್ದಾರೆ. ಈ ಹೊರಗೆ ಕೂತವ್ರಲ್ಲೇ ನಾಲ್ಕು ಜನ ಇದ್ದಾರೆ."

ಅತ್ತೆ ಬಾಗಿಲ ಕಡೆ ತಿರುಗಿ ಆ ನಾಲ್ಕು ಜನ ಯಾರಿರಬಹುದು ಎಂದು ನೋಡಿದಳು. ಬಸ್ಸು ಘಟ್ಟ ಹತ್ತಿ ಆಗುಂಬೆ ಬಂದ ಮೇಲೆ ಕಿಟಕಿಯ ಕಡೆಯಿಂದ ಮುಖ ತಿರುಗಿಸದೆಯೇ ಹೇಳಿದಳು, "ದೈವದ ಮುನಿಸು ಅಂದಿದ್ರಲ್ಲ, ಯಾರಿಗೆ ಎಂತ ಕೆಟ್ಟದ್ದು ಮಾಡಿದೆ ಅಂತ ನಲವತ್ತು ವರ್ಷ ಹುಡುಕಿದೆ ಮಾರಾಯ. ಸಣ್ಣವಳಿದ್ದಾಗ ಒಂದು ನಾಯಿಮರಿಗೆ ಕಲ್ಲು ಹೊಡೆದಿದ್ದೆ. ಅದೇ ಇರ್ಬೇಕು ಅಂದ್ಕಂಡಿದ್ದೆ."

ಆ ವರ್ಷದ ಅಮಾವಾಸ್ಯೆಗೆ ನಾನು ರಜೆ ಹಾಕಿದೆ. ಕಮಲತ್ತೆಯೂ ಬಂದಳು. ಎಲೆಯ ಮೇಲೆ ಅವ್ವ ಎಲ್ಲವನ್ನೂ ಬಡಿಸಿದಳು, ಅಪ್ಪ ಬದುಕಿದ್ದಾಗ ಹೆದರಿ ತಿನ್ನದೇ ಇದ್ದದ್ದನ್ನೆಲ್ಲ. ನಾನು ಕೈಮುಗಿದು ನಿಂತೆ. ಕ್ಷಮಿಸು ಎನ್ನಲು ಆಗಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಬಂದೆ.

ಕಾಯಿಲೆ ಹತೋಟಿಗೆ ಬರಲು ಒಂದು ವರ್ಷವೇ ಹಿಡಿಯಿತು. ಔಷಧಿ ಎರಡು ಸಲ ಬದಲಾಯಿತು. ಮಾಲೀಕರು ನನಗೆ ದೂರದ ಟ್ರಿಪ್ ತಪ್ಪಿಸಿ ಶೃಂಗೇರಿಯಿಂದ ಮೆಣಸೆ ಕಡೆಯ ಸಣ್ಣ ಟ್ರಿಪ್ ಕೊಟ್ಟರು, ಸುಧಾರಿಸಿದ ಮೇಲೆ ಹಳೆಯ ರೂಟಿಗೇ ಬಂದೆ. ಆದರೆ ಒಂದು ಮಾತು ಎದೆಯಲ್ಲಿ ಚುಚ್ಚುತ್ತಲೇ ಇತ್ತು. ತಾತ, ಅಪ್ಪ, ಅತ್ತೆ, ನಾನು. ಮುಂದೆ?

ಚೈತ್ರಳ ರಕ್ತ ಪರೀಕ್ಷೆ ಮಾಡಿ ಬರುತ್ತದೋ ಇಲ್ಲವೋ ಹೇಳಬಹುದೇ ಎಂದು ಡಾಕ್ಟರನ್ನು ಕೇಳಿದೆ. "ಮಾಡಿಸಿದ್ರೂ ಉತ್ತರ ಸಿಗಲ್ಲ. ಬಹುತೇಕ ಮಕ್ಕಳಿಗೆ ಬರಲ್ಲ. ಬಂದ್ರೆ ಬೇಗ ಹಿಡೀಬೇಕು, ಅಷ್ಟೇ. ಹೊಟ್ಟೆನೋವು, ಭೇದಿ, ತೂಕ ಇಳಿಯೋದು, ಬೆಳವಣಿಗೆ ನಿಂತ ಹಾಗೆ ಕಾಣೋದು, ಏನಾದ್ರೂ ಕಂಡರೆ ಕರ್ಕೊಂಡು ಬನ್ನಿ. ಅದಕ್ಕೆ ಅವಳಿಗೂ ಗೊತ್ತಿರ್ಬೇಕು" ಎಂದರು.

ಮನೆಯಲ್ಲಿ ಇದನ್ನು ಹೇಳಿದಾಗ ಸವಿತಾ ಒಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದಳು. "ಈಗ್ಲೇ ಬೇಡ ರೀ. ಹತ್ತನೇ ಕ್ಲಾಸು ಮುಗೀಲಿ. ಹೆದರ್ಕಳ್ತದೆ. ಅಲ್ದೆ ಹೆಣ್ಣುಮಗು, ಅದು ಸ್ನೇಹಿತೆಯರ ಹತ್ರ ಬಾಯಿ ಬಿಟ್ರೆ ಊರೆಲ್ಲ ಆಗ್ತದೆ. ನಾಳೆ ಅದರ ಮದುವೆ..."

ಬಾಗಿಲ ಹತ್ತಿರ ಸೊಪ್ಪು ಸೋಸುತ್ತಿದ್ದ ಅವ್ವ ತಲೆಯೆತ್ತಿದಳು. ಸೊಸೆಯ ಮಾತಿಗೆ ಅಡ್ಡ ಹೋಗುವ ಅಭ್ಯಾಸ ಅವಳಿಗಿಲ್ಲ.

"ಹೇಳಿ ಸವಿತಾ. ನಾ ಮಾಡಿದ್ದು ನೀವು ಮಾಡ್ಬೇಡಿ" ಎಂದಳು.

ಮಾರನೆಯ ಭಾನುವಾರ ಚೈತ್ರಳನ್ನು ಕೂರಿಸಿಕೊಂಡು ಹೇಳಿದೆವು. ಅವಳ ತಾತ ಕುಡಿದು ಸಾಯಲಿಲ್ಲ ಎಂಬುದರಿಂದ ಶುರುಮಾಡಿದೆ. ಅವಳು ಮಂಡಿಯ ಮೇಲೆ ಗಲ್ಲವಿಟ್ಟು ಪೂರ್ತಿ ಕೇಳಿಸಿಕೊಂಡಳು.

"ನಂಗೂ ಬರತ್ತಾ ಅಪ್ಪ?"

ಬರುವುದಿಲ್ಲ ಎಂದುಬಿಡಬೇಕೆಂದು ಬಾಯಿತನಕ ಬಂದಿತ್ತು. "ಗೊತ್ತಿಲ್ಲ. ಬರ್ದೇ ಇರೋದೇ ಹೆಚ್ಚು ಅಂತ ಡಾಕ್ಟ್ರು ಹೇಳಿದಾರೆ. ಏನಾದ್ರೂ ಹೆಚ್ಚುಕಮ್ಮಿ ಅನ್ನಿಸಿದ್ರೆ ಹೇಳ್ಬೇಕು. ನಂಗೆ ಹೇಳಕ್ಕೆ ನಾಚ್ಕೆ ಆದ್ರೆ ಅಮ್ಮಂಗೆ ಹೇಳು, ಅಜ್ಜಿಗೆ ಹೇಳು. ಹೇಳಿದ ದಿನವೇ ಹೋಗುವಾ."

"ಹೂಂ" ಎಂದಳು. ಆಮೇಲೆ ಕೇಳಿದಳು, "ಅದಕ್ಕಾ ನೀನು ಆವಾಗ ನನ್ನ ಪಕ್ಕ ಕೂರ್ತಿರ್ಲಿಲ್ಲ?" ಹೌದು ಎಂದೆ. ಅವಳು ಸರಿದು ಬಂದು ನನ್ನ ಭುಜಕ್ಕೆ ತಲೆಯಾನಿಸಿ ಕೂತಳು. ಆಗಲೇ ನನ್ನ ಭುಜಕ್ಕಿಂತ ಎತ್ತರ ಬೆಳೆದಿದ್ದಳು.

ಕಳೆದ ಜನವರಿಯಲ್ಲಿ ಒಂದು ಬೆಳಿಗ್ಗೆ ನಾನು ಡ್ಯೂಟಿಗೆ ಹೊರಟು ಶೂ ಹಾಕಿಕೊಳ್ಳುತ್ತಿದ್ದೆ. ಚೈತ್ರ ಬಂದು ಎದುರು ನಿಂತಳು. ಮುಖ ಬಾಡಿತ್ತು.

"ಅಪ್ಪ, ಎರಡು ದಿನದಿಂದ ಹೊಟ್ಟೆನೋವು. ಭೇದಿ ಆಗ್ತಿದೆ. ನಿನ್ನೆ ಆರು ಸಲ."

ಶೂ ದಾರ ಕಟ್ಟುತ್ತಿದ್ದ ನನ್ನ ಬೆರಳು ನಿಂತುಹೋಯಿತು. "ಎಲ್ಲಿ ನೋವು, ತೋರಿಸು" ಎಂದೆ. ಹೊಕ್ಕುಳ ಸುತ್ತ ತೋರಿಸಿದಳು. ಉಮೇಶನಿಗೆ ಫೋನ್ ಮಾಡಿ ಬದಲಿ ಡ್ರೈವರ್ ಹಾಕಲು ಹೇಳಿದೆ. ಮೂವರೂ ಕೊಪ್ಪಕ್ಕೆ ಹೋದೆವು. ನನ್ನನ್ನು ಮೊದಲು ಘಟ್ಟ ಇಳಿಯಲು ಹೇಳಿದ್ದ ಅದೇ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ರಕ್ತ ಮತ್ತು ಮಲಪರೀಕ್ಷೆಗೆ ಬರೆದುಕೊಟ್ಟರು. ಒಂದು ಪರೀಕ್ಷೆಯ ಫಲಿತಾಂಶ ಹೊರಗಿನಿಂದ ಬರಬೇಕು, ನಾಲ್ಕು ದಿನ ಎಂದರು. ಆ ನಾಲ್ಕು ದಿನವನ್ನು ವಿವರಿಸಲು ನನ್ನಿಂದಾಗದು. ಸವಿತಾ ಮತ್ತು ನಾನು ಒಬ್ಬರಿಗೊಬ್ಬರು ಕಾಣದ ಹಾಗೆ ಚೈತ್ರಳ ತಟ್ಟೆಯಲ್ಲಿ ಎಷ್ಟು ಉಳಿದಿದೆ ಎಂದು ನೋಡುತ್ತಿದ್ದೆವು.

ಎರಡನೆಯ ದಿನಕ್ಕೇ ಅವಳಿಗೆ ಕಡಿಮೆಯಾಯಿತು. ಐದನೆಯ ದಿನ ಮತ್ತೆ ಮೂವರೂ ಕೊಪ್ಪಕ್ಕೆ ಹೋದೆವು, ಫಲಿತಾಂಶ ಬಂದಿತ್ತು. ಕರುಳಿನಲ್ಲಿ ಉರಿಯೂತದ ಗುರುತಿಲ್ಲ, ಮಾಮೂಲಿ ಸೋಂಕು. ಶಾಲೆಯ ಬೀಳ್ಕೊಡುಗೆಯಲ್ಲಿ ತಿಂದ ಪಾನಿಪೂರಿ ಇರಬೇಕು, ಅವಳ ಕ್ಲಾಸಿನ ಮತ್ತಿಬ್ಬರಿಗೂ ಹಾಗೇ ಆಗಿತ್ತಂತೆ. ಡಾಕ್ಟರು, "ಇನ್ನೊಂದು ಸಲ ಹೀಗಾದ್ರೂ ಬನ್ನಿ, ಸುಮ್ನೆ ಬಂದ್ವಿ ಅಂದ್ಕೋಬೇಡಿ" ಎಂದರು.

ನಮ್ಮ ಬೀದಿಯ ತಿರುವಿನಲ್ಲಿ ಆಟೋ ಇಳಿದೆವು. ಅವ್ವ ಗೇಟಿನ ಹತ್ತಿರ ನಿಂತು ಕಾಯುತ್ತಿದ್ದಳು. ಪಕ್ಕದ ಮನೆಯ ಹೆಂಗಸು ತಮ್ಮ ಅಂಗಳದಲ್ಲಿ ಬಟ್ಟೆ ಹರಡುತ್ತಿದ್ದರು, ಎದುರಿನ ಅಂಗಡಿಯಲ್ಲಿ ಮೂರು ನಾಲ್ಕು ಜನ ಇದ್ದರು.

"ಎಂತ ಅಂದ್ರು?" ಅವ್ವ ಮೆಲ್ಲಗೆ ಕೇಳಿದಳು.

ಚೈತ್ರ ಅಷ್ಟು ದೂರದಿಂದಲೇ ಕೂಗಿದಳು, "ಎಂತ ಇಲ್ಲ ಅಜ್ಜಿ! ಬರೀ ಭೇದಿ ಅಂತೆ! ತಾತನ ಕಾಯಿಲೆ ಅಲ್ವಂತೆ!"

ಪಕ್ಕದ ಮನೆಯವರು ಹಿಂಡಿದ ಬಟ್ಟೆ ಕೈಯಲ್ಲಿ ಹಿಡಿದು ತಿರುಗಿದರು. ಅಂಗಡಿಯಲ್ಲಿದ್ದವರೂ ನೋಡಿದರು. ಅವ್ವ ಒಮ್ಮೆ ಅವರ ಕಡೆ ನೋಡಿದಳು. ಅವಳ ಕೈ ಅಭ್ಯಾಸದಂತೆ ಬಾಯಿಗೆ ಅಡ್ಡ ಬರಲು ಹೊರಟದ್ದನ್ನು ನಾನು ಕಂಡೆ. ಅದು ಅರ್ಧದಲ್ಲೇ ನಿಂತು, ಗೇಟಿನ ಚಿಲಕ ತೆಗೆಯಿತು.

"ಬಾ, ಮಜ್ಜಿಗೆ ಅನ್ನ ಕಲೆಸಿದೀನಿ" ಎಂದಳು.